ಕಪ್ಪು ಮತ್ತು ಗೋಧಿವರ್ಣದ ಚರ್ಮಕ್ಕೆ ಲೇಸರ್ ಚಿಕಿತ್ಸೆ: ತಿಳಿದಿರಬೇಕಾದ ವಿಷಯಗಳು

ಹೈದರಾಬಾದ್ ನಗರದ ನಾರಾಯಣಗುಡ ಮತ್ತು ಲಿಬರ್ಟಿ ವೃತ್ತಗಳ ನಡುವಣ ಹಿಮಾಯತ್‌ನಗರವು ಅಂಗಡಿಮುಂಗಟ್ಟುಗಳಿಗೆ ಹೆಸರಾಗಿರುವಂತೆ ಚಿಕಿತ್ಸಾಲಯಗಳಿಗೂ ಹೆಸರಾಗಿದೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳ ಕನ್ನಡಿಗರಿಗೆ ಹೈದರಾಬಾದು ಅಪರಿಚಿತ ಊರಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ಭಾಗಗಳು ಹೈದರಾಬಾದ್ ರಾಜ್ಯಕ್ಕೇ ಸೇರಿದ್ದವು. ವೈದ್ಯೋಪಚಾರಕ್ಕಾಗಿ ಅಲ್ಲಿಗೆ ಹೋಗಿಬರುವ ರೂಢಿ ಇಂದಿಗೂ ಉಳಿದಿದೆ. ಮುಖದ ಬೇಡವಾದ ಕೂದಲು, ಕಲೆ, ಹಚ್ಚೆ ಮುಂತಾದವುಗಳ ನಿವಾರಣೆಗಾಗಿ ಲೇಸರ್ ಚಿಕಿತ್ಸೆಯನ್ನು ಅರಸಿ ಹೋಗುವವರೂ ಈಗ ಈ ಪ್ರಯಾಣಿಕರಲ್ಲಿ ಸೇರಿದ್ದಾರೆ.

ಹೀಗೆ ಹೋಗುವವರಲ್ಲಿ ಹಲವರು ಬೆಳಗಿನ ಬಸ್ಸಿನಲ್ಲಿ ಹೊರಟು, ಮಧ್ಯಾಹ್ನ ಚಿಕಿತ್ಸೆ ಮುಗಿಸಿ, ರಾತ್ರಿ ಊರು ಸೇರಬೇಕೆಂದು ಬಯಸುತ್ತಾರೆ. ಮದುವೆ ಸಮೀಪಿಸಿದ್ದರೆ ಈ ಅವಸರ ಇನ್ನೂ ಹೆಚ್ಚು. ನಮ್ಮ ಮೈಬಣ್ಣದ ಜನರಿಗೆ ಲೇಸರ್ ಚಿಕಿತ್ಸೆಯಲ್ಲಿ ಎದುರಾಗುವ ತೊಂದರೆಗಳಲ್ಲಿ ಬಹುಪಾಲಿಗೆ ಈ ಅವಸರವೂ ಚಿಕಿತ್ಸೆಯ ಬಗೆಗಿನ ಅರಿವಿನ ಕೊರತೆಯೂ ದಾರಿಮಾಡಿಕೊಡುತ್ತವೆ. ಕಪ್ಪು ಚರ್ಮಕ್ಕೆ ಲೇಸರ್ ಒಗ್ಗುವುದೇ ಇಲ್ಲವೆಂಬ ಭಯವೂ ಸರಿಯಲ್ಲ. ಅದು ಎಲ್ಲರಿಗೂ ಒಂದೇ ರೀತಿ ನಿರಪಾಯಕಾರಿ ಎಂಬ ಪ್ರಚಾರವೂ ಸರಿಯಲ್ಲ. ಸತ್ಯಾಂಶವೇನೆಂಬುದನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಲೇಸರ್ ಹೇಗೆ ಕೆಲಸ ಮಾಡುತ್ತದೆ?

ಲೇಸರ್ ಎಂಬುದು ಒಂದೇ ಬಣ್ಣದ, ಒಂದೇ ದಿಕ್ಕಿನಲ್ಲಿ ಸಾಗುವ ತೀಕ್ಷ್ಣ ಬೆಳಕು. ಅಮೆರಿಕದ ವಿಜ್ಞಾನಿ ಥಿಯೋಡರ್ ಮೈಮನ್ 1960ರಲ್ಲಿ ಮಾಣಿಕ್ಯದ ಹರಳನ್ನು ಬಳಸಿ ಮೊದಲ ಲೇಸರನ್ನು ರೂಪಿಸಿದರು. ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ ಎಂಬ ವೈದ್ಯ ವಿಜ್ಞಾನಿಗಳು 1983ರಲ್ಲಿ ಮಂಡಿಸಿದ ತತ್ತ್ವವು ಇಂದಿನ ಚರ್ಮ ಚಿಕಿತ್ಸೆಗೆ ತಳಹದಿಯಾಯಿತು. ಸೂಕ್ತ ಬಣ್ಣದ ಬೆಳಕನ್ನು ಸೂಕ್ತ ಅವಧಿಯವರೆಗೆ ಹಾಯಿಸಿದರೆ, ಗುರಿಯಾದ ಭಾಗ ಮಾತ್ರ ಬಿಸಿಯಾಗಿ ನಾಶವಾಗುತ್ತದೆ. ಸುತ್ತಲಿನ ಭಾಗ ಸುರಕ್ಷಿತವಾಗಿ ಉಳಿಯುತ್ತದೆ ಎಂಬುದೇ ಆ ತತ್ತ್ವ.

ಕೂದಲನ್ನು ಕಡಿಮೆ ಮಾಡುವ ಚಿಕಿತ್ಸೆಯಲ್ಲಿ ಬೆಳಕಿನ ಗುರಿ ಕೂದಲ ಬುಡದಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯ. ಮೆಲನಿನ್ ಬೆಳಕನ್ನು ಹೀರಿಕೊಂಡು ಬಿಸಿಯಾಗುತ್ತದೆ. ಆ ಶಾಖದಿಂದ ಕೂದಲ ಬುಡವು ನಿಷ್ಕ್ರಿಯವಾಗುತ್ತದೆ. ನರೆತ ಕೂದಲಿನಲ್ಲಿ ಮೆಲನಿನ್ ಇಲ್ಲದಿರುವುದರಿಂದ ಅದರ ಮೇಲೆ ಈ ಚಿಕಿತ್ಸೆ ಫಲಿಸುವುದಿಲ್ಲ.

ಮೈಬಣ್ಣದ ಪಾತ್ರ

ಮೆಲನಿನ್ ಕೂದಲಿನಲ್ಲಿ ಮಾತ್ರವಲ್ಲದೆ ಹೊರಚರ್ಮದಲ್ಲಿಯೂ ಇದೆ. ಅದನ್ನು ಉತ್ಪಾದಿಸುವ ಜೀವಕೋಶಗಳ ಸಂಖ್ಯೆ ಬಿಳಿಯರಲ್ಲಿಯೂ ಕಪ್ಪುಬಣ್ಣದವರಲ್ಲಿಯೂ ಹೆಚ್ಚುಕಡಿಮೆ ಒಂದೇ. ಆದರೆ ಕಪ್ಪು ಚರ್ಮದಲ್ಲಿ ವರ್ಣದ್ರವ್ಯದ ಕಣಗಳು ದೊಡ್ಡವಾಗಿದ್ದು, ಹೆಚ್ಚು ಸಂಖ್ಯೆಯಲ್ಲಿ ಹರಡಿರುತ್ತವೆ. ಬಿಸಿಲಿನಿಂದ ರಕ್ಷಣೆ ನೀಡುವ ಈ ಕಣಗಳೇ ಲೇಸರ್ ಬೆಳಕಿಗೆ ಅಡ್ಡಬರುತ್ತವೆ. ಬೆಳಕು ಕೂದಲ ಬುಡವನ್ನು ತಲುಪುವ ಮೊದಲೇ ಹೊರಚರ್ಮವು ಅದನ್ನು ಹೀರಿಕೊಂಡರೆ ಗುರಿಯ ಬದಲು ಚರ್ಮವೇ ಸುಡುತ್ತದೆ.

ಅಮೆರಿಕದ ಚರ್ಮತಜ್ಞ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ಚರ್ಮವನ್ನು ಬಿಸಿಲಿಗೆ ಅದು ತೋರುವ ಪ್ರತಿಕ್ರಿಯೆಯ ಆಧಾರದ ಮೇಲೆ ವಿಂಗಡಿಸಿದರು. ಮೊದಲು ಈ ವಿಂಗಡಣೆಯು ಬಿಳಿಯರನ್ನು ಕುರಿತದ್ದಾಗಿತ್ತು; ಕಂದು ಮತ್ತು ಕಪ್ಪು ಚರ್ಮಗಳಿಗೆ ಸಂಬಂಧಿಸಿದ 5 ಮತ್ತು 6ನೆಯ ವರ್ಗಗಳನ್ನು ಅನಂತರ ಸೇರಿಸಲಾಯಿತು. ಭಾರತೀಯರಲ್ಲಿ ಹೆಚ್ಚಿನವರು 4 ಮತ್ತು 5ನೆಯ ವರ್ಗಗಳಿಗೆ ಸೇರುತ್ತಾರೆ. ಬಿಳಿಯ ಚರ್ಮವನ್ನು ಗಮನದಲ್ಲಿರಿಸಿ ನಿಗದಿಪಡಿಸಿದ ಪ್ರಮಾಣವನ್ನು ನಮ್ಮ ಚರ್ಮಕ್ಕೆ ಹಾಗೆಯೇ ಅನ್ವಯಿಸಲಾಗದು ಎಂಬುದನ್ನು ಇದರಿಂದ ಮನಗಾಣಬಹುದು.

ಸುರಕ್ಷತೆಯ ನಾಲ್ಕು ಆಧಾರಗಳು

ಮೊದಲನೆಯದು ತರಂಗಾಂತರ. ತರಂಗಾಂತರ ಹೆಚ್ಚಿದಂತೆ ಮೆಲನಿನ್ ಹೀರುವ ಬೆಳಕಿನ ಪ್ರಮಾಣ ಕಡಿಮೆಯಾಗುತ್ತದೆ. ಚಿಕಿತ್ಸೆಗೆ ಬಳಸುವ ಈ ವ್ಯಾಪ್ತಿಯಲ್ಲಿ ಬೆಳಕು ಹೆಚ್ಚು ಆಳಕ್ಕೂ ಇಳಿಯುತ್ತದೆ. ಮಾಣಿಕ್ಯದ ಲೇಸರಿನ ತರಂಗಾಂತರ 694 ನ್ಯಾನೊಮೀಟರ್, ಅಲೆಕ್ಸಾಂಡ್ರೈಟ್ ಲೇಸರಿನದು 755, ಡಯೋಡ್ ಲೇಸರಿನದು ಸಾಮಾನ್ಯವಾಗಿ 800ರಿಂದ 810, ಎನ್‌ಡಿ-ಯಾಗ್ ಲೇಸರಿನದು 1064. ಕೂದಲಿನ ಚಿಕಿತ್ಸೆಗಾಗಿ ಕಪ್ಪು ಚರ್ಮಕ್ಕೆ ಇವುಗಳಲ್ಲಿ ಹೆಚ್ಚು ಸುರಕ್ಷಿತವೆಂದು ಪರಿಗಣಿತವಾದುದು ದೀರ್ಘ ಸ್ಪಂದದ 1064ರ ಎನ್‌ಡಿ-ಯಾಗ್ ಲೇಸರ್. ಡಯೋಡ್ ಲೇಸರನ್ನೂ ಎಚ್ಚರಿಕೆಯಿಂದ ಬಳಸಲಾಗುತ್ತದೆ. ಐ.ಪಿ.ಎಲ್. ಎಂಬ ಉಪಕರಣವು ವಾಸ್ತವವಾಗಿ ಲೇಸರ್ ಅಲ್ಲ. ಅದು ಹಲವು ತರಂಗಾಂತರಗಳ ಬೆಳಕನ್ನು ಒಟ್ಟಿಗೆ ಹಾಯಿಸುವುದರಿಂದ ಕಪ್ಪು ಚರ್ಮವನ್ನು ಸುಡುವ ಸಂಭವ ಹೆಚ್ಚು.

ಎರಡನೆಯದು ಬೆಳಕಿನ ಸ್ಪಂದದ ಅವಧಿ. ಹೊರಚರ್ಮವು ಕೆಲವೇ ಸಾವಿರದ ಒಂದಂಶ ಸೆಕೆಂಡುಗಳಲ್ಲಿ ತನ್ನ ಶಾಖವನ್ನು ಬಿಟ್ಟುಕೊಡುತ್ತದೆ. ದಪ್ಪನಾದ ಕೂದಲ ಬುಡಕ್ಕೆ ಹೆಚ್ಚು ಕಾಲ ಬೇಕು. ಆದುದರಿಂದ ಕೂದಲಿನ ಚಿಕಿತ್ಸೆಯಲ್ಲಿ ಸ್ಪಂದವನ್ನು ದೀರ್ಘವಾಗಿಸಿದಲ್ಲಿ ಚರ್ಮವು ತಣಿಯಲು ಅವಕಾಶ ದೊರೆಯುತ್ತದೆ.

ಮೂರನೆಯದು ತಣಿಸುವಿಕೆ. ಬೆಳಕು ಬೀಳುವ ಮೊದಲು, ಬೀಳುವಾಗ ಮತ್ತು ಬಿದ್ದ ನಂತರ ಚರ್ಮವನ್ನು ತಣ್ಣನೆಯ ಗಾಜಿನ ತುದಿಯಿಂದಲೋ ಗಾಳಿಯಿಂದಲೋ ಸಿಂಪಡಿಕೆಯಿಂದಲೋ ತಣಿಸುವುದು ಅವಶ್ಯ.

ನಾಲ್ಕನೆಯದು, ಹಾಗೂ ಎಲ್ಲಕ್ಕಿಂತ ಮುಖ್ಯವಾದುದು, ಉಪಕರಣವನ್ನು ಹಿಡಿದ ಕೈ. ಉಪಕರಣ ಉತ್ತಮವಾಗಿದ್ದರೂ ಪ್ರಮಾಣವನ್ನು ನಿರ್ಧರಿಸುವವರು ಚರ್ಮವನ್ನು ಅರಿಯದಿದ್ದರೆ ಪ್ರಯೋಜನವಿಲ್ಲ.

ಪರೀಕ್ಷಾ ಚಿಕಿತ್ಸೆ ಏಕೆ ಬೇಕು?

ಮೊದಲು ಕಿವಿಯ ಹಿಂಭಾಗ ಅಥವಾ ದವಡೆಯ ಅಂಚಿನಂತಹ, ಎದ್ದುಕಾಣದ ಕಡೆ ಸ್ವಲ್ಪ ಜಾಗಕ್ಕೆ ಬೆಳಕನ್ನು ಹಾಯಿಸಿ ಪರಿಣಾಮವನ್ನು ನೋಡಬೇಕು. ಬಿಳಿಯ ಚರ್ಮದಲ್ಲಿ ಸುಟ್ಟ ಗುರುತು ಕೆಂಪಾಗಿ ಬೇಗನೆ ಕಾಣಿಸುತ್ತದೆ. ಕಪ್ಪು ಚರ್ಮದಲ್ಲಿ ಕೆಂಪು ಎದ್ದುಕಾಣುವುದಿಲ್ಲ. ಹಾನಿಯಾಗಿದ್ದರೆ ಅದು ಕೆಲವು ದಿನಗಳ ನಂತರ, ಕೆಲವೊಮ್ಮೆ ಎರಡು ವಾರಗಳ ನಂತರ, ಕಪ್ಪು ಅಥವಾ ಬಿಳಿಯ ಮಚ್ಚೆಯಾಗಿ ಹೊರಬೀಳುತ್ತದೆ. ಬೆಳಿಗ್ಗೆ ಪರೀಕ್ಷಿಸಿ ಮಧ್ಯಾಹ್ನ ಇಡೀ ಮುಖಕ್ಕೆ ಚಿಕಿತ್ಸೆ ನೀಡಿದರೆ ಆ ಪರೀಕ್ಷೆಗೆ ಅರ್ಥವೇ ಇಲ್ಲ. ದೂರದ ಊರಿನಿಂದ ಬರುವವರು ಮೊದಲ ಭೇಟಿಯನ್ನು ಸಮಾಲೋಚನೆ ಮತ್ತು ಪರೀಕ್ಷೆಗಷ್ಟೇ ಮೀಸಲಿಡುವುದು ಲೇಸು. ಒಂದು ಹೆಚ್ಚುವರಿ ಪ್ರಯಾಣದ ಖರ್ಚು ಮುಖದ ಮೇಲೆ ತಿಂಗಳುಗಟ್ಟಲೆ ಉಳಿಯುವ ಕಲೆಗಿಂತ ಹಗುರವಾದುದು.

ಇದೇ ಕಾರಣದಿಂದ, ಮದುವೆಗೆ ಎರಡು ಮೂರು ವಾರಗಳಷ್ಟೇ ಉಳಿದಿರುವಾಗ ಲೇಸರ್ ಚಿಕಿತ್ಸೆಯನ್ನು ಮೊದಲ ಬಾರಿಗೆ ಆರಂಭಿಸುವುದು ಯೋಗ್ಯವಲ್ಲ.

ಯಾವುದಕ್ಕೆ ಲೇಸರ್, ಯಾವುದಕ್ಕೆ ಅಲ್ಲ?

ಬೇಡವಾದ ಕೂದಲು: ಲೇಸರಿನಿಂದ ಕೂದಲು ಬಹುಕಾಲದವರೆಗೆ ಕಡಿಮೆಯಾಗುತ್ತದೆಯೇ ಹೊರತು ಪೂರ್ಣವಾಗಿ ಇಲ್ಲವಾಗುತ್ತದೆಂಬ ಭರವಸೆಯಿಲ್ಲ. ಬೆಳೆಯುವ ಹಂತದಲ್ಲಿರುವ ಕೂದಲಿಗೆ ಮಾತ್ರ ಬೆಳಕು ತಟ್ಟುವುದರಿಂದ, ಕೆಲವು ವಾರಗಳ ಅಂತರದಲ್ಲಿ ಹಲವು ಬಾರಿ ಚಿಕಿತ್ಸೆ ಬೇಕಾಗುತ್ತದೆ. ಅದಕ್ಕೆ ಮುಂಚಿನ ವಾರಗಳಲ್ಲಿ ದಾರದಿಂದ ಅಥವಾ ಮೇಣದಿಂದ ಕೂದಲನ್ನು ಕೀಳಿಸಬಾರದು. ಬುಡವೇ ಇಲ್ಲದಿದ್ದರೆ ಬೆಳಕಿಗೆ ಗುರಿಯಿರುವುದಿಲ್ಲ. ಯುವತಿಯರ ಮುಖದಲ್ಲಿ ಕೂದಲು ಹೆಚ್ಚಾಗಲು ಹಾರ್ಮೋನುಗಳ ಏರುಪೇರು ಕಾರಣವಿರಬಹುದು. ಮುಟ್ಟು ಕ್ರಮವಾಗಿಲ್ಲದಿದ್ದರೆ ಮೊದಲು ಅದರ ತಪಾಸಣೆ ನಡೆಯಬೇಕು. ಕೆಲವರಲ್ಲಿ ಚಿಕಿತ್ಸೆಯ ನಂತರ ಗಲ್ಲ ಮತ್ತು ಕುತ್ತಿಗೆಯ ಸುತ್ತ ಕೂದಲು ಹೆಚ್ಚುವುದೂ ಉಂಟು.

ಹಚ್ಚೆ: ಕಪ್ಪು ಮತ್ತು ಕಡುನೀಲಿ ಹಚ್ಚೆಯನ್ನು ಅತ್ಯಲ್ಪ ಸ್ಪಂದದ 1064ರ ಎನ್‌ಡಿ-ಯಾಗ್ ಲೇಸರಿನಿಂದ ಹಂತಹಂತವಾಗಿ ಮಸುಕಾಗಿಸಬಹುದು. ಒಂದೇ ಸಲಕ್ಕೆ ಅಳಿಸಲು ಹೊರಟರೆ ಗಾಯದ ಕಲೆ ಅಥವಾ ಬಿಳಿಯ ಮಚ್ಚೆ ಉಳಿಯಬಹುದು.

ಬಂಗು: ಕೆನ್ನೆ ಮತ್ತು ಹಣೆಯ ಮೇಲೆ ಬರುವ ಬಂಗಿಗೆ ಲೇಸರ್ ಮೊದಲ ಚಿಕಿತ್ಸೆಯಲ್ಲ. ಬಿಸಿಲಿನಿಂದ ರಕ್ಷಣೆ ಮತ್ತು ವೈದ್ಯರು ಸೂಚಿಸಿದ ಲೇಪನಗಳೇ ಮೊದಲು. ಲೇಸರಿನಿಂದ ತಿಳಿಯಾದ ಬಂಗು ಮರುಕಳಿಸುವುದು, ಮೊದಲಿಗಿಂತ ಗಾಢವಾಗುವುದು ಸಾಮಾನ್ಯ.

ಮೈಬಣ್ಣ: ಹುಟ್ಟಿನಿಂದ ಬಂದ ಮೈಬಣ್ಣವು ರೋಗವಲ್ಲ. ಅದನ್ನು ಶಾಶ್ವತವಾಗಿ ಬೆಳ್ಳಗಾಗಿಸುವ ಲೇಸರ್ ಯಾವುದೂ ಇಲ್ಲ. ಅಂತಹ ಭರವಸೆ ಕೇಳಿಬಂದ ಕಡೆಯಿಂದ ಎದ್ದು ಬರುವುದೇ ಜಾಣತನ.

ಇಲ್ಲಿ ಸ್ಟಿರಾಯ್ಡ್ ಲೇಪನಗಳ ಬಗ್ಗೆಯೂ ಹೇಳಬೇಕಾಗಿದೆ. ಬೆಳ್ಳಗಾಗುವ ಆಸೆಯಿಂದ ಔಷಧಿ ಅಂಗಡಿಯಲ್ಲಿ ತಾವೇ ಕೇಳಿ ಕೊಂಡ ಇಂತಹ ಲೇಪನಗಳು ಚರ್ಮವನ್ನು ತೆಳುವಾಗಿಸುತ್ತವೆ. ಹಾಗಾದ ಚರ್ಮವು ಲೇಸರನ್ನು ತಾಳಲಾರದು. ಕೇಂದ್ರ ಸರ್ಕಾರವು 2018ರಲ್ಲಿ 14 ಸ್ಟಿರಾಯ್ಡ್ ಲೇಪನ ಔಷಧಿಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಯಾವ ಲೇಪನವನ್ನು ಹಚ್ಚುತ್ತಿದ್ದೀರಿ, ಯಾವ ಮಾತ್ರೆ ಸೇವಿಸುತ್ತಿದ್ದೀರಿ, ಗರ್ಭಿಣಿಯೇ, ಗಾಯದ ಕಲೆ ಗಂಟಾಗುವ ಸ್ವಭಾವವಿದೆಯೇ ಎಂಬುದನ್ನು ವೈದ್ಯರಿಂದ ಮುಚ್ಚಿಡಬಾರದು.

ಒಪ್ಪಿಗೆ ಪತ್ರ ಮತ್ತು ಭಾಷೆ

ಚಿಕಿತ್ಸೆಗೆ ಮುನ್ನ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯುವುದು ವಾಡಿಕೆ. ಹೈದರಾಬಾದಿನಲ್ಲಿ ಈ ಪತ್ರಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿಯೋ ತೆಲುಗಿನಲ್ಲಿಯೋ ಇರುತ್ತವೆ. ಕನ್ನಡ ಮಾತ್ರ ಬಲ್ಲವರು ಓದದೆಯೇ ಸಹಿ ಹಾಕುವ ಸಂಭವವುಂಟು. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ನೀಡಿದ ತೀರ್ಪಿನಂತೆ, ಚಿಕಿತ್ಸೆಯ ಸ್ವರೂಪ, ಪರ್ಯಾಯಗಳು ಮತ್ತು ಗಣನೀಯ ಅಪಾಯಗಳನ್ನು ರೋಗಿಗೆ ಸಾಕಷ್ಟು ತಿಳಿಸಿದ ಮೇಲೆ ಪಡೆದ ಒಪ್ಪಿಗೆಯೇ ನಿಜವಾದ ಒಪ್ಪಿಗೆ. ಭಾಷೆ ತಿಳಿಯದಿದ್ದರೆ ನಿಮಗೆ ತಿಳಿಯುವ ಭಾಷೆಯಲ್ಲಿ ವಿವರಿಸುವಂತೆ ಕೇಳಿರಿ. ಭಾಷೆ ಬಲ್ಲ ಬಂಧುಗಳನ್ನು ಜೊತೆಗೆ ಕರೆದೊಯ್ಯಿರಿ. ಹಾಗೆ ಕೇಳುವುದರಲ್ಲಿ ಸಂಕೋಚಪಡಬೇಕಾದ ಕಾರಣವಿಲ್ಲ.

ಚಿಕಿತ್ಸೆಯ ನಂತರ

ಒಂದೆರಡು ದಿನ ಲಘುವಾದ ಉರಿ ಮತ್ತು ಕೂದಲ ಬುಡದ ಸುತ್ತ ಸಣ್ಣ ಊತ ಇರುವುದು ಸಹಜ. ಬೊಬ್ಬೆ, ಹಕ್ಕಳೆ, ಬೂದುಬಣ್ಣ, ತೀವ್ರವಾದ ನೋವು ಸಹಜವಲ್ಲ. ಒಡನೆಯೇ ವೈದ್ಯರನ್ನು ಕಾಣಬೇಕು. ಅಲ್ಲಿಯವರೆಗೆ ತಣ್ಣೀರಿನ ಬಟ್ಟೆ ಇಡಬಹುದು. ಹಲ್ಲುಜ್ಜುವ ಪೇಸ್ಟು, ಸುಣ್ಣ, ನಿಂಬೆರಸ ಮುಂತಾದವುಗಳನ್ನು ಹಚ್ಚಬಾರದು, ಬೊಬ್ಬೆಯನ್ನು ಒಡೆಯಬಾರದು. ಹೈದರಾಬಾದಿಗೆ ಕೂಡಲೇ ಮರಳಲಾಗದವರು ಬೀದರ್, ಕಲಬುರಗಿ, ರಾಯಚೂರುಗಳ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಗಳ ಚರ್ಮರೋಗ ವಿಭಾಗದಲ್ಲಿ ತೋರಿಸಿಕೊಳ್ಳಬಹುದು. ಬಳಸಿದ ಲೇಸರಿನ ಹೆಸರು ಮತ್ತು ಪ್ರಮಾಣವನ್ನು ಬರೆಸಿಕೊಂಡು ಬಂದಿದ್ದರೆ ಅಲ್ಲಿನ ವೈದ್ಯರಿಗೆ ನೆರವಾಗುತ್ತದೆ.

ಕಪ್ಪು ಕಲೆಗಳು ಸಾಮಾನ್ಯವಾಗಿ ಕೆಲವು ತಿಂಗಳುಗಳಲ್ಲಿ ಮಾಸುತ್ತವೆ. ಬಿಳಿಯ ಮಚ್ಚೆಗಳು ಹೆಚ್ಚು ಕಾಲ ಉಳಿಯಬಹುದು. ಚಿಕಿತ್ಸೆಗೆ ಮೊದಲೂ ನಂತರವೂ ಬಿಸಿಲನ್ನು ತಪ್ಪಿಸುವುದು, ಸೂರ್ಯರಕ್ಷಕ ಲೇಪನವನ್ನು ಬಳಸುವುದು ಅನಿವಾರ್ಯ. ಬೇಸಗೆಯಲ್ಲಿ ಹೊಲದ ಕೆಲಸ ಮಾಡುವವರು ಮತ್ತು ದ್ವಿಚಕ್ರ ವಾಹನದಲ್ಲಿ ಅಲೆಯುವವರು ಬಿಸಿಲು ಇಳಿಯುವ ಕಾಲಕ್ಕೆ ಚಿಕಿತ್ಸೆಯನ್ನು ಮುಂದೂಡುವುದು ಉತ್ತಮ.

ಹಾನಿಯಾದಲ್ಲಿ

ಹಣ ಪಡೆದು ನೀಡುವ ವೈದ್ಯಕೀಯ ಸೇವೆಯು ಗ್ರಾಹಕ ಸಂರಕ್ಷಣೆಯ ವ್ಯಾಪ್ತಿಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಪು ನೀಡಿತು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಮೇರೆಗೆ ವ್ಯಾಜ್ಯಕಾರಣ ಉಂಟಾದಂದಿನಿಂದ 2 ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಲು ಈ ಅಧಿನಿಯಮ ಅವಕಾಶ ನೀಡಿದೆ. ಆದುದರಿಂದ ಬೀದರಿನ ನಿವಾಸಿಯು ಇದಕ್ಕಾಗಿ ಹೈದರಾಬಾದಿಗೆ ಅಲೆಯಬೇಕಾಗಿಲ್ಲ. ಮಾರ್ಗದರ್ಶನಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ರಸೀದಿ, ಒಪ್ಪಿಗೆ ಪತ್ರದ ಪ್ರತಿ ಮತ್ತು ದಿನಾಂಕಸಹಿತ ಛಾಯಾಚಿತ್ರಗಳನ್ನು ಜೋಪಾನವಾಗಿಡಬೇಕು.

ಚಿಕಿತ್ಸೆಗೆ ಮೊದಲು ಕೇಳಬೇಕಾದ ಪ್ರಶ್ನೆಗಳು

1. ಚಿಕಿತ್ಸೆ ನೀಡುವವರು ಅಥವಾ ಅದರ ಮೇಲ್ವಿಚಾರಣೆ ನಡೆಸುವವರು ನೋಂದಾಯಿತ ಚರ್ಮರೋಗ ತಜ್ಞರೇ? ಅವರ ನೋಂದಣಿ ಸಂಖ್ಯೆ ಏನು?
2. ನನ್ನ ಚರ್ಮ ಯಾವ ವರ್ಗಕ್ಕೆ ಸೇರಿದೆ?
3. ಬಳಸುವ ಲೇಸರ್ ಯಾವುದು, ಅದರ ತರಂಗಾಂತರ ಎಷ್ಟು?
4. ಪರೀಕ್ಷಾ ಚಿಕಿತ್ಸೆಯ ಎಷ್ಟು ದಿನಗಳ ನಂತರ ಮುಂದುವರಿಯುವಿರಿ?
5. ಚರ್ಮವನ್ನು ತಣಿಸುವ ವ್ಯವಸ್ಥೆ ಹಾಗೂ ಕಣ್ಣುಗಳಿಗೆ ರಕ್ಷಣಾ ಕನ್ನಡಕ ಇವೆಯೇ?
6. ತೊಂದರೆಯಾದರೆ ಯಾರನ್ನು, ಯಾವ ದೂರವಾಣಿಯಲ್ಲಿ ಸಂಪರ್ಕಿಸಬೇಕು?

ಈ ಪ್ರಶ್ನೆಗಳಿಗೆ ಸಮಾಧಾನದಿಂದ ಉತ್ತರಿಸುವ ವೈದ್ಯರಲ್ಲಿ ವಿಶ್ವಾಸವಿಡಬಹುದು. ಉತ್ತರ ದೊರೆಯದಿದ್ದಲ್ಲಿ, ಮುಂಗಡ ಹಣ ಕೊಟ್ಟಿದ್ದರೂ ಸರಿಯೇ, ಆ ದಿನದ ಚಿಕಿತ್ಸೆಯನ್ನು ಕೈಬಿಟ್ಟು ಊರಿಗೆ ಹಿಂದಿರುಗುವುದು ಕ್ಷೇಮಕರ.