ಹಳೆ ಕಂಪ್ಯೂಟರಿಗೆ ಬದಲಿ: ರಿಫರ್ಬಿಶ್ಡ್ ಲ್ಯಾಪ್‌ಟಾಪಿನ ಹಲ್ಲು ಎಣಿಸುವುದು ಹೇಗೆ?

'ಮೂರೆಕರೆ ರೈತನಿಗೆ ಕಂಪ್ಯೂಟರ್ ಯಾಕೆ?' ಎಂದು ಕೇಳುವವರು ಈಗಲೂ ಇದ್ದಾರೆ. ನನ್ನ ಉತ್ತರ ಚಿಕ್ಕದು. ದೊಡ್ಡಬಳ್ಳಾಪುರ ತಾಲೂಕಿನ ನಮ್ಮ ಜಮೀನಿನಲ್ಲಿ ಒಂದೆಕರೆ ಬೆಂಗಳೂರು ನೀಲಿ ದ್ರಾಕ್ಷಿ, ಉಳಿದದ್ದು ರಾಗಿ, ಮೇವು. ಯಾವ ದಿನ ಯಾವ ಔಷಧಿ ಹೊಡೆದೆ, ಎಷ್ಟು ಮಳೆ ಬಂತು, ಡೇರಿಗೆ ಎಷ್ಟು ಹಾಲು ಹೋಯಿತು, ಯಾವ ಬೋರಿನಲ್ಲಿ ನೀರು ಎಷ್ಟಡಿ ಇಳಿಯಿತು ಎಂಬ ಲೆಕ್ಕವೆಲ್ಲ 2012ರಿಂದ ಆ ಡಬ್ಬದಲ್ಲೇ ಇದೆ. ಪುಸ್ತಕದಲ್ಲಿ ಬರೆದಿಟ್ಟದ್ದು ಗೆದ್ದಲು ತಿಂದ ಮೇಲೆ ಕಂಪ್ಯೂಟರಿಗೆ ಬಂದವನು ನಾನು.

2025ರ ಅಕ್ಟೋಬರಿನಲ್ಲಿ ಆ ಡಬ್ಬದೊಳಗೆ 'ಟಕ್ ಟಕ್' ಸದ್ದು ಶುರುವಾಯಿತು. ಆನ್ ಆಗಲು ಕಾಲು ಗಂಟೆ. ಬೆಂಗಳೂರಿನ ಸಂಜಯನಗರದಲ್ಲಿರುವ ಅಕ್ಕನ ಮಗಳಿಗೆ ಫೋನ್ ಮಾಡಿದೆ. ಓದುತ್ತಿರುವ ಹುಡುಗಿ. 'ಮಾವ, ಬೇರೆ ಏನೂ ಮಾಡಬೇಡಿ. ಮೊದಲು ಎಲ್ಲಾನೂ ಇನ್ನೊಂದು ಕಡೆ ಕಾಪಿ ಮಾಡ್ಕೊಳ್ಳಿ' ಅಂದಳು. ಮಾಡಿದೆ. ಆದರೆ ತಡವಾಗಿತ್ತು. 2017ರ ಬೋರ್‌ವೆಲ್ ಲೆಕ್ಕದ ಫೈಲು ತೆರೆಯಲೇ ಇಲ್ಲ. ನಮ್ಮ ಎರಡನೇ ಬೋರು ಬತ್ತಿದ ವರ್ಷವದು. ಆ ಲೆಕ್ಕ ಈಗ ಯಾವ ದುಡ್ಡಿಗೂ ಸಿಗದು.

ಆದ್ದರಿಂದ ಮೊದಲ ಪಾಠ ಇದೇ: ಹೊಸದು ಕೊಳ್ಳುವ ಮಾತು ಆಮೇಲೆ. ಹಳೆಯದರಲ್ಲಿ ಇರುವುದನ್ನು ಇವತ್ತೇ ಎರಡು ಕಡೆ ನಕಲು ಮಾಡಿ. ಒಂದು ಪೆನ್‌ಡ್ರೈವ್ ಮನೆಯಲ್ಲಿ, ಇನ್ನೊಂದು ಬೇರೆಯವರ ಮನೆಯಲ್ಲಿ ಇರಲಿ.

ರಿಪೇರಿಯೋ, ಬದಲಿಯೋ?

ಹಳೆಯದನ್ನು ಎಸೆಯಲೇಬೇಕೆಂದಿಲ್ಲ. ನಿಧಾನಕ್ಕೆ ಹೆಚ್ಚಿನ ಸಲ ಕಾರಣ ಒಳಗೆ ತಿರುಗುವ ಹಾರ್ಡ್‌ಡಿಸ್ಕ್. ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿದರೆ ಹತ್ತು ವರ್ಷದ ಕಂಪ್ಯೂಟರೂ ಚುರುಕಾಗುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ.

ಆದರೆ ಇನ್ನೊಂದು ತೊಡಕಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ನಿಲ್ಲಿಸಿತು. ಹೆಸರು ನೋಂದಾಯಿಸಿದ ಬಳಕೆದಾರರಿಗೆ ಸುರಕ್ಷತೆಯ ತೇಪೆಗಳು ಮಾತ್ರ ಇನ್ನೊಂದು ವರ್ಷ ಸಿಗುತ್ತವೆ ಎಂದಿತು. ಬೆಂಬಲ ನಿಂತರೂ ಕಂಪ್ಯೂಟರ್ ಓಡುತ್ತದೆ. ಆದರೆ ಹೊಸ ವೈರಸ್‌ಗೆ ಮದ್ದು ಬರುವುದಿಲ್ಲ. ಅದರಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಬೇಲಿ ಇಲ್ಲದ ತೋಟದಲ್ಲಿ ಮಲಗಿದ ಹಾಗೆ. ವಿಂಡೋಸ್ 11ಕ್ಕೋ, ನನ್ನ ಹಳೆಯ ಯಂತ್ರ ಅರ್ಹವಲ್ಲ.

ಇಂಟರ್‌ನೆಟ್ ಕೆಲಸ, ಲೆಕ್ಕ, ಪತ್ರ ಇಷ್ಟೇ ಸಾಕು ಅನ್ನುವವರು ಹಳೆಯ ಯಂತ್ರಕ್ಕೆ ಉಬುಂಟು, ಲಿನಕ್ಸ್ ಮಿಂಟ್‌ನಂಥ ಪುಕ್ಕಟೆ ವ್ಯವಸ್ಥೆ ಹಾಕಿಕೊಳ್ಳಬಹುದು. ಕನ್ನಡವೂ ಚೆನ್ನಾಗಿ ಬರುತ್ತದೆ. ನಾವು ಕಲಿತ ಕಗಪ ಕೀಲಿಮಣೆಯೂ ಅದರಲ್ಲಿದೆ.

ನಾನು ಬದಲಿಯನ್ನೇ ಆರಿಸಿದೆ. ಕಾರಣ ಕರೆಂಟು. ಡೆಸ್ಕ್‌ಟಾಪ್ ಇದ್ದರೆ ಯುಪಿಎಸ್ ಬೇಕು, ಯುಪಿಎಸ್‌ಗೆ ಆಗಾಗ ಬ್ಯಾಟರಿ ಬೇಕು. ಲ್ಯಾಪ್‌ಟಾಪಿಗೆ ಬ್ಯಾಟರಿ ಒಳಗೇ ಇದೆ. ಅದರ ಚಾರ್ಜರ್ ಸಾಮಾನ್ಯವಾಗಿ 100ರಿಂದ 240 ವೋಲ್ಟ್‌ವರೆಗೆ ತಾಳಿಕೊಳ್ಳುತ್ತದೆ. ನಿಮ್ಮದರ ಮೇಲೆ ಅಚ್ಚು ಹಾಕಿರುತ್ತಾರೆ, ಓದಿ ನೋಡಿ. ಸಂಜೆ ಹೊತ್ತು ಎಲ್ಲರ ಮನೆಯಲ್ಲೂ ದೀಪ ಮಂಕಾಗುವ ನಮ್ಮೂರಿಗೆ ಇದು ಸಣ್ಣ ಅನುಕೂಲವಲ್ಲ.

ಈ ಮಾಲು ಎಲ್ಲಿಂದ ಬರುತ್ತದೆ?

ಬೆಂಗಳೂರಿನ ಕಂಪನಿಗಳು ನೌಕರರಿಗೆ ಕೊಡುವ ಲ್ಯಾಪ್‌ಟಾಪುಗಳನ್ನು ಮೂರು ನಾಲ್ಕು ವರ್ಷಕ್ಕೆ ಬದಲಿಸುತ್ತವೆ. ಹಳೆಯವು ಸಗಟಾಗಿ ವ್ಯಾಪಾರಿಗಳ ಕೈಗೆ ಬರುತ್ತವೆ. ಅವರು ತೊಳೆದು ಒರೆಸಿ, ಕೆಟ್ಟ ಭಾಗ ಬದಲಿಸಿ ಮಾರುತ್ತಾರೆ. ಇದೇ ರಿಫರ್ಬಿಶ್ಡ್. ಬರೇ ಸೆಕೆಂಡ್‌ಹ್ಯಾಂಡ್ ಅಂದರೆ ಇದ್ದದ್ದು ಇದ್ದ ಹಾಗೆ. ಎರಡಕ್ಕೂ ವ್ಯತ್ಯಾಸ ಇರುವುದು ಪರೀಕ್ಷೆಯಲ್ಲಿ ಮತ್ತು ವಾರಂಟಿಯಲ್ಲಿ. ಅವೆರಡೂ ಇಲ್ಲದಿದ್ದರೆ ಹೆಸರು ಮಾತ್ರ ರಿಫರ್ಬಿಶ್ಡ್.

ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೈಟ್‌ಬುಕ್, ಲೆನೊವೊ ಥಿಂಕ್‌ಪ್ಯಾಡ್ ಇವೆಲ್ಲ ಕಂಪನಿಗಳಿಗೆಂದೇ ಮಾಡಿದ ಸಾಲುಗಳು. ಮೈಕಟ್ಟು ಗಟ್ಟಿ, ಬಿಡಿಭಾಗ ಸುಲಭವಾಗಿ ಸಿಗುತ್ತದೆ. ಅದೇ ಬೆಲೆಯ ಹೊಚ್ಚಹೊಸ ಅಗ್ಗದ ಲ್ಯಾಪ್‌ಟಾಪಿಗಿಂತ ಇವು ಹೆಚ್ಚು ಬಾಳುವುದುಂಟು.

ನಾನು ಬಿದ್ದ ಹಳ್ಳ

ನವೆಂಬರಿನಲ್ಲಿ ಜಿಕೆವಿಕೆ ಕೃಷಿಮೇಳಕ್ಕೆ ಹೋದಾಗ ಇದೊಂದು ಕೆಲಸವೂ ಆಗಲಿ ಎಂದು ಸಂಜಯನಗರದ ಅಕ್ಕನ ಮನೆಯಲ್ಲಿ ಉಳಿದುಕೊಂಡೆ. ಹುಡುಗಿಗೆ ಪರೀಕ್ಷೆ ಇತ್ತು. 'ಎರಡು ದಿನ ತಡೀರಿ ಮಾವ' ಅಂದಳು. ನಾನು ತಡೆಯಲಿಲ್ಲ. ಒಬ್ಬನೇ ಹೋಗಿ ಒಂದು ಅಂಗಡಿ ಹೊಕ್ಕೆ. 'ಐ5 ಸಾರ್, ವಿಂಡೋಸ್ 11 ಹಾಕಿದೀವಿ, ಕಣ್ಮುಚ್ಕೊಂಡು ತಗೊಳ್ಳಿ' ಅಂದರು. 13,000 ಕೊಟ್ಟು ತಂದೆ. ಬಿಲ್ ಅಂತ ಸಿಕ್ಕಿದ್ದು ಒಂದು ಬಿಳಿ ಚೀಟಿ.

ಹುಡುಗಿ ನೋಡಿ, 'ಇದು ಆರನೇ ತಲೆಮಾರಿಂದು. ವಿಂಡೋಸ್ 11ನ ಬಲವಂತವಾಗಿ ತುಂಬಿದಾರೆ. ಮುಂದೆ ಅಪ್‌ಡೇಟ್ ಬರುತ್ತೆ ಅನ್ನೋ ಖಾತ್ರಿ ಇಲ್ಲ' ಅಂದಳು. ವಾಪಸ್ ಕೊಡಲು ಹೋದರೆ ಚೀಟಿಯಲ್ಲಿ ಮಾಡೆಲ್ ನಂಬರೂ ಇಲ್ಲ, ವಾರಂಟಿಯೂ ಇಲ್ಲ. ಮಾತಿಗೆ ಮಾತು ಬೆಳೆದು ಕೊನೆಗೆ 1,500 ಹಿಡಿದುಕೊಂಡು ಉಳಿದದ್ದು ಕೊಟ್ಟರು. ಘಾಟಿ ಜಾತ್ರೆಯಲ್ಲಿ ಹಲ್ಲು ಎಣಿಸದೆ ಎತ್ತು ಹಿಡಿದವನಲ್ಲ ನಾನು. ಇಲ್ಲಿ ಹಲ್ಲು ಎಲ್ಲಿದೆ ಎಂದೇ ಗೊತ್ತಿರಲಿಲ್ಲ.

ಹಲ್ಲು ಇರುವುದು ಇಲ್ಲಿ

ಐ3, ಐ5, ಐ7 ಎನ್ನುವುದು ತಳಿ ಇದ್ದ ಹಾಗೆ; ವಯಸ್ಸು ಹೇಳುವುದಿಲ್ಲ. ವಯಸ್ಸು ಅದರ ಮುಂದಿನ ಅಂಕಿಯಲ್ಲಿದೆ. ಐ5-6300ಯು ಎಂದಿದ್ದರೆ 6ನೇ ತಲೆಮಾರು. ಐ5-8350ಯು ಎಂದಿದ್ದರೆ 8ನೆಯದು. ಹತ್ತರಿಂದ ಮೇಲಿನವಕ್ಕೆ ಮೊದಲ ಎರಡು ಅಂಕಿ ನೋಡಬೇಕು: ಐ5-10210ಯು ಅಂದರೆ 10, ಐ5-1135ಜಿ7 ಅಂದರೆ 11.

ವಿಂಡೋಸ್ 11 ಬೇಕಿದ್ದರೆ ಇಂಟೆಲ್‌ನಲ್ಲಿ 8ನೇ ತಲೆಮಾರಿಗಿಂತ ಕೆಳಗೆ ಇಳಿಯಬೇಡಿ. ಮುದುಕಾದ ಐ7ಗಿಂತ ಹರೆಯದ ಐ3 ವಾಸಿ ಎನ್ನುವ ಸಂದರ್ಭಗಳಿವೆ. ಅಂಗಡಿಯವರ ಬಾಯಿಮಾತು, ಮೇಲಿನ ಸ್ಟಿಕ್ಕರ್ ಎರಡನ್ನೂ ನಂಬದೆ, ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಅಬೌಟ್ ತೆರೆದು ಓದಿ.

ಮೆಮೊರಿ 8 ಜಿಬಿ ಇರಲಿ. ವಿಂಡೋಸ್ 11ಕ್ಕೆ 4 ಸಾಕೆಂದು ನಿಯಮ ಹೇಳಿದರೂ ಕೆಲಸ ಏದುಸಿರು ಬಿಡುತ್ತದೆ. ಮುಂದೆ ಹೆಚ್ಚಿಸಲು ಒಳಗೆ ಜಾಗ ಇದೆಯೇ ಕೇಳಿ. ಕೆಲವು ಮಾಡೆಲುಗಳಲ್ಲಿ ಬೆಸುಗೆ ಹಾಕಿರುತ್ತಾರೆ. 256 ಜಿಬಿ ಎಸ್‌ಎಸ್‌ಡಿ ನಮ್ಮ ಲೆಕ್ಕಕ್ಕೆ ಧಾರಾಳ.

ನಡೆಸಿ ನೋಡುವ ಕ್ರಮ

ಎತ್ತನ್ನು ನಡೆಸಿ ನೋಡದೆ ಯಾರೂ ಕೊಳ್ಳುವುದಿಲ್ಲ. ಇಲ್ಲಿಯೂ ಅರ್ಧ ಗಂಟೆ ಕುಳಿತು ಹೀಗೆ ನೋಡಬೇಕು.

1. ಮೊದಲು ಬೀಗ. ಯಂತ್ರ ಆಫ್ ಮಾಡಿ ಆನ್ ಮಾಡುವಾಗ ಡೆಲ್ ಆದರೆ ಎಫ್2, ಎಚ್‌ಪಿ ಆದರೆ ಎಫ್10, ಥಿಂಕ್‌ಪ್ಯಾಡ್ ಆದರೆ ಎಫ್1 ಒತ್ತಿ. ಬಯಾಸ್ ಎಂಬ ಒಳಕೋಣೆ ತೆರೆಯಬೇಕು. ಪಾಸ್‌ವರ್ಡ್ ಕೇಳಿದರೆ ಹಳೇ ಕಂಪನಿಯ ಬೀಗ ಇನ್ನೂ ಇದೆ ಎಂದರ್ಥ. ಬಿಟ್ಟು ಎದ್ದು ಬನ್ನಿ. ಯಾವುದೋ ಕಂಪನಿಯ ಹೆಸರು ಬಂದು ಅಲ್ಲಿನ ಲಾಗಿನ್ ಕೇಳಿದರೂ ಇದೇ ಮಾತು.

2. ಬ್ಯಾಟರಿ. ವಿಂಡೋಸ್‌ನಲ್ಲೇ 'ಬ್ಯಾಟರಿ ರಿಪೋರ್ಟ್' ತೆಗೆಯಲು ಬರುತ್ತದೆ. ತೆಗೆದು ತೋರಿಸಿ ಎನ್ನಿ. ಹುಟ್ಟಿದಾಗಿನ ಸಾಮರ್ಥ್ಯ, ಈಗ ತುಂಬುವ ಸಾಮರ್ಥ್ಯ ಎರಡೂ ಅದರಲ್ಲಿರುತ್ತವೆ. ಆಗ 60,000, ಈಗ 45,000 ಎಂದಿದ್ದರೆ ಮುಕ್ಕಾಲು ಉಳಿದಿದೆ, ಪರವಾಗಿಲ್ಲ. ಅರ್ಧಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಲೆಕ್ಕದಲ್ಲಿ ಕಳೆಯಿರಿ. ಬ್ಯಾಟರಿ ಉಬ್ಬಿ ಅಡಿಭಾಗ ಎದ್ದಿದ್ದರೆ ಮುಟ್ಟಲೇಬೇಡಿ.

3. ಕೀಲಿಮಣೆ. ನೋಟ್‌ಪ್ಯಾಡ್ ತೆರೆದು ಒಂದೂ ಬಿಡದೆ ಎಲ್ಲ ಕೀಲಿ ಒತ್ತಿ.

4. ಪರದೆ. ಪೂರ್ತಿ ಬಿಳಿ ಮಾಡಿ ಕಲೆ, ಗೆರೆ ನೋಡಿ. ಕೀಲು ಸಡಿಲವೇ ಎಂದು ನಾಲ್ಕು ಸಲ ತೆರೆದು ಮುಚ್ಚಿ.

5. ತೂತುಗಳು. ಪೆನ್‌ಡ್ರೈವ್ ಒಯ್ದು ಪ್ರತಿ ಯುಎಸ್‌ಬಿಗೂ ಹಾಕಿ. ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು ವೈಫೈ, ಕ್ಯಾಮೆರಾ, ಸ್ಪೀಕರ್ ನೋಡಿ.

6. ವಿಂಡೋಸ್ ಅಸಲಿಯೇ? ಸೆಟ್ಟಿಂಗ್ಸ್‌ನ ಆಕ್ಟಿವೇಶನ್‌ನಲ್ಲಿ 'ಆಕ್ಟಿವ್' ಎಂದಿರಬೇಕು.

ಕೊನೆಗೆ ಬಿಲ್. ಜಿಎಸ್‌ಟಿ ಬಿಲ್ಲಿನಲ್ಲಿ ಮಾಡೆಲ್, ಸೀರಿಯಲ್ ನಂಬರ್, ವಾರಂಟಿ ಎಷ್ಟು ತಿಂಗಳು, ಬ್ಯಾಟರಿ ಮತ್ತು ಚಾರ್ಜರಿಗೆ ಅನ್ವಯವೇ ಎಂದು ಬರೆಸಿ. ಬ್ಯಾಟರಿಯನ್ನು ವಾರಂಟಿಯಿಂದ ಹೊರಗಿಡುವುದು ಮಾಮೂಲು.

ಎರಡನೇ ಸಲ ಹುಡುಗಿಯ ಜೊತೆ ಎಸ್‌ಪಿ ರೋಡಿಗೆ ಹೋದೆ. ನಾಲ್ಕು ಅಂಗಡಿ ಸುತ್ತಿದೆವು. 8ನೇ ತಲೆಮಾರಿನ ಐ5, 8 ಜಿಬಿ, 256 ಜಿಬಿ ಎಸ್‌ಎಸ್‌ಡಿ, 14 ಇಂಚಿನ ಪರದೆ, ಆರು ತಿಂಗಳ ವಾರಂಟಿ: 17,500 ರೂಪಾಯಿ. ಮೊದಲು ಕಳೆದ 1,500 ಸೇರಿಸಿದರೆ ನನಗೆ ಬಿದ್ದದ್ದು 19,000.

ಕನ್ನಡದ ಹಳೆ ಕಡತಗಳು

ಇದು ಬಹಳ ಮಂದಿ ಮರೆಯುವ ವಿಷಯ. ಹಳೇ ನುಡಿ, ಬರಹ ತಂತ್ರಾಂಶಗಳಲ್ಲಿ ಫಾಂಟ್ ಆರಿಸಿ ಟೈಪ್ ಮಾಡಿದ ಕಡತಗಳಲ್ಲಿ ಒಳಗೆ ಇರುವುದು ಇಂಗ್ಲಿಷ್ ಸಂಕೇತಗಳು. ಆ ಫಾಂಟ್ ಇದ್ದರೆ ಮಾತ್ರ ಕನ್ನಡ ಕಾಣುತ್ತದೆ. ಹೊಸ ಯಂತ್ರದಲ್ಲಿ ತೆರೆದಾಗ ನನ್ನ ದ್ರಾಕ್ಷಿ ಔಷಧಿಯ ಪಟ್ಟಿ ಪೂರ್ತಿ ಗೀಚಿದ ಹಾಗೆ ಕಂಡು ಎದೆ ಧಸಕ್ಕೆಂದಿತು. ಕಡತ ಕೆಟ್ಟಿರಲಿಲ್ಲ. ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಬದಲಿಸಿದ ಮೇಲೆ ಎಲ್ಲ ಸರಿಯಾಯಿತು. ಯೂನಿಕೋಡ್‌ನಲ್ಲಿ ಇದ್ದರೆ ಮೊಬೈಲಿನಲ್ಲೂ ಓದಬಹುದು, ಹುಡುಕಲೂಬಹುದು. ಹಳೆಯ ಕಂಪ್ಯೂಟರ್ ಜೀವಂತ ಇರುವಾಗಲೇ ಈ ಕೆಲಸ ಮುಗಿಸಿ. ತಾಳೆ ನೋಡಲು ಅನುಕೂಲ. ಅಂಕಿ ಮತ್ತು ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ.

ಹಳೆಯದು ಗುಜರಿಗೆ ಬೇಡ

ಗುಜರಿಯವನು ಒಳಗಿನ ತಂತಿ ಸುಟ್ಟು ತಾಮ್ರ ತೆಗೆಯುತ್ತಾನೆ. ಹಳೇ ದಪ್ಪ ಗಾಜಿನ ಮಾನಿಟರಿನಲ್ಲಿ ಸೀಸ ಇರುತ್ತದೆ. ಆ ಬೂದಿ, ಗಾಜು ಸೇರುವುದು ನಮ್ಮ ಕೆರೆಯಂಗಳಕ್ಕೇ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇದು ನೋಂದಾಯಿತ ಘಟಕಕ್ಕೇ ಹೋಗಬೇಕು. ಕೊಡುವ ಮೊದಲು ಹಾರ್ಡ್‌ಡಿಸ್ಕ್ ಬಿಚ್ಚಿ ಇಟ್ಟುಕೊಳ್ಳಿ. ನನ್ನದು ಬೀರುವಿನಲ್ಲಿದೆ. ಎಂದಾದರೂ 2017ರ ಫೈಲು ತೆರೆದುಕೊಂಡೀತೇ ಎಂಬ ಆಸೆ ಇನ್ನೂ ಬಿಟ್ಟಿಲ್ಲ.

ಈಗ ಪ್ರತಿ ಭಾನುವಾರ ಹಾಲಿನ ಲೆಕ್ಕ ಬರೆದ ಕೂಡಲೇ ಪೆನ್‌ಡ್ರೈವಿಗೆ ನಕಲು. ಐದು ನಿಮಿಷದ ಕೆಲಸ. ನೀವು ಹೀಗೆ ಬದಲಿ ಕೊಂಡಿದ್ದರೆ, ಗೆದ್ದದ್ದಾಗಲಿ ಸೋತದ್ದಾಗಲಿ, ನಾಲ್ಕು ಸಾಲು ಬರೆದು ಕಳಿಸಿ. ಇನ್ನೊಬ್ಬರ 1,500 ಉಳಿದರೂ ಉಳಿದೀತು.