ಮೀಟರ್ ಮುಳ್ಳು ಕುಣಿಯುತ್ತಿದೆಯೇ? ಮೊದಲು ಕೇಬಲ್ ನೋಡಿ

ಹಳೆಯ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡವರಿಗೆ ಸ್ಪೀಡೋಮೀಟರ್ ಕೆಡುವುದು ದೊಡ್ಡ ಸುದ್ದಿಯೇ ಅಲ್ಲ. ‘ಎಂಜಿನ್ ಸದ್ದಲ್ಲೇ ಸ್ಪೀಡು ಗೊತ್ತಾಗುತ್ತೆ ಬಿಡಿ’ ಎಂದು ವರ್ಷಗಟ್ಟಲೆ ಹಾಗೇ ಓಡಿಸುವವರಿದ್ದಾರೆ. ಆದರೆ 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಿಸಲು ಆರ್‌ಟಿಒ ಕಚೇರಿಗೆ ಹೋದಾಗ ಸತ್ತ ಮೀಟರ್ ತಕರಾರಿಗೆ ದಾರಿಯಾಗುತ್ತದೆ. ಆಯಿಲ್ ಯಾವಾಗ ಬದಲಿಸಬೇಕೆಂಬ ಲೆಕ್ಕವೂ ತಪ್ಪುತ್ತದೆ. ಕೇಬಲ್ ಬದಲಿಸುವುದು ಕಷ್ಟದ ಕೆಲಸವಲ್ಲ, ಅದು ಯಾಕೆ ತುಂಡಾಯಿತು ಎಂದು ಹುಡುಕುವುದೇ ಕಷ್ಟ. ಕಾರಣ ಹಾಗೇ ಉಳಿದರೆ ಹೊಸ ಕೇಬಲ್ಲಿಗೂ ಅದೇ ಗತಿ.

ಗೇರ್‌ಬಾಕ್ಸಿನ ಹಿಂತುದಿಯಲ್ಲಿರುವ ಪುಟ್ಟ ಪಿನಿಯನ್ ಕೇಬಲ್ಲಿನ ಇನ್ನರ್ ತಂತಿಯನ್ನು ತಿರುಗಿಸುತ್ತದೆ. ತಂತಿಯ ಚೌಕ ತುದಿ ಮೀಟರಿನೊಳಗಿನ ಅಯಸ್ಕಾಂತವನ್ನು ತಿರುಗಿಸುತ್ತದೆ. ಅಯಸ್ಕಾಂತಕ್ಕೂ ಅದರ ಸುತ್ತಲಿನ ಅಲ್ಯೂಮಿನಿಯಂ ಬಟ್ಟಲಿಗೂ ಸ್ಪರ್ಶವೇ ಇಲ್ಲ. ಆದರೂ ಸುಳಿ ವಿದ್ಯುತ್ತಿನ ಸೆಳೆತಕ್ಕೆ ಬಟ್ಟಲು ವಾಲುತ್ತದೆ, ಅದರ ಜತೆ ಮುಳ್ಳೂ ಏಳುತ್ತದೆ. ತೆಳುವಾದ ಸ್ಪ್ರಿಂಗೊಂದು ಅದನ್ನು ಹಿಂದಕ್ಕೆಳೆಯುತ್ತಿರುತ್ತದೆ. ಜರ್ಮನಿಯ ಓಟೊ ಶುಲ್ಟ್ಸೆ 1902ರಲ್ಲಿ ಪೇಟೆಂಟ್ ಪಡೆದ ಉಪಾಯವಿದು. ಕಿಲೋಮೀಟರ್ ಅಂಕಿಗಳು ಮಾತ್ರ ಅದೇ ತಿರುಗಣೆಯಿಂದ ಹಲ್ಲುಗಳ ಮೂಲಕ ನೇರವಾಗಿ ಓಡುತ್ತವೆ.

ಹಾಗಾಗಿ ಮುಳ್ಳು, ಅಂಕಿ ಎರಡನ್ನೂ ಬೇರೆಬೇರೆಯಾಗಿ ಗಮನಿಸಿ. ಎರಡೂ ನಿಂತಿದ್ದರೆ ಕೇಬಲ್ ತುಂಡಾಗಿದೆ, ಇಲ್ಲವೇ ಪಿನಿಯನ್ ಸವೆದಿದೆ. ಒಂದು ಓಡುತ್ತಾ ಇನ್ನೊಂದು ನಿಂತಿದ್ದರೆ ಕೇಬಲ್ ತಪ್ಪಿಲ್ಲ, ಮೀಟರನ್ನೇ ಬಿಚ್ಚಬೇಕು. (‘ಬರೀ 40 ಸಾವಿರ ಓಡಿದ ಗಾಡಿ ಸಾರ್’ ಎಂದು ಮಾರಲು ಬಂದ ಕಾರಿನಲ್ಲಿ ಮುಳ್ಳು ಆಡುತ್ತಿದ್ದು ಅಂಕಿ ಮಾತ್ರ ನಿಂತಿದ್ದರೆ ಹುಷಾರು.) ನಿಧಾನ ಹೋಗುವಾಗ ಮುಳ್ಳು ಕುಣಿದರೆ, ಟಿಕ್ ಟಿಕ್ ಸದ್ದು ಬಂದರೆ ಕೇಬಲ್ ಒಣಗಿದೆ ಅಥವಾ ಎಲ್ಲೋ ಮಡಚಿಕೊಂಡಿದೆ. ಮುಳ್ಳು ಇದ್ದಕ್ಕಿದ್ದಂತೆ ಕೊನೆಯ ಅಂಕಿಗೆ ಹಾರಿದರೆ ಗ್ರೀಸ್ ಅಥವಾ ಆಯಿಲ್ ಮೀಟರಿನೊಳಗೆ ಹೊಕ್ಕು ಬಟ್ಟಲನ್ನೂ ಅಯಸ್ಕಾಂತವನ್ನೂ ಅಂಟಿಸಿದೆ ಎಂದೇ ಅನುಮಾನಿಸಿ.

ಬಿಚ್ಚಿ ನೋಡುವುದು

ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಗಾಲಿಗಳನ್ನು. ಹಿಂಗಾಲಿ ತಿರುಗಿಸಿ ನೋಡುವ ಈ ಪರೀಕ್ಷೆಗೆ ಅದನ್ನು ಬಿಡಲೇಬೇಕು. ಆದ್ದರಿಂದ ಮುಂದಿನ ಎರಡೂ ಗಾಲಿಗಳಿಗೆ ಹಿಂದೆಮುಂದೆ ಕಲ್ಲು ಕೊಡಿ. ಒಂದು ಹಿಂಗಾಲಿಯನ್ನು ಜಾಕ್‌ನಲ್ಲಿ ಎತ್ತಿ, ಸ್ಟ್ಯಾಂಡ್ ಕೊಟ್ಟು, ಗೇರ್ ನ್ಯೂಟ್ರಲ್‌ನಲ್ಲಿಡಿ. ಮೀಟರ್ ಹಿಂದಿನ ನಟ್ಟನ್ನು ಕೈಯಿಂದಲೇ ಬಿಚ್ಚಿ ಕೇಬಲ್ ಹೊರಗೆಳೆಯಿರಿ. ಈಗ ಒಬ್ಬರು ಗಾಲಿ ತಿರುಗಿಸಲಿ, ಇನ್ನೊಬ್ಬರು ಚೌಕ ತುದಿ ನೋಡಲಿ. ತಿರುಗಿದರೆ ದೋಷ ಮೀಟರಿನಲ್ಲಿ. ತಿರುಗದಿದ್ದರೆ ಕೆಳಗಿನ ತುದಿಯನ್ನೂ ಬಿಚ್ಚಿ. ಎಂಜಿನ್ ಓಡಿಸಿ, ಗೇರ್ ಹಾಕಿ ಈ ಪರೀಕ್ಷೆ ಮಾಡುವವರನ್ನು ಕಂಡಿದ್ದೇನೆ; ನೆಲಕ್ಕೆ ತಾಗಿರುವ ಇನ್ನೊಂದು ಗಾಲಿ ಹಿಡಿತ ಸಿಕ್ಕೊಡನೆ ಕಾರನ್ನು ಜಾಕ್‌ನಿಂದ ಕೆಳಗೆ ನೂಕುತ್ತದೆ. ಅದು ಬೇಡವೇ ಬೇಡ. ಕಾರಿನಡಿ ನುಸುಳುವ ಮುನ್ನ ಸ್ಟ್ಯಾಂಡ್ ಗಟ್ಟಿಯಾಗಿ ಕೂತಿದೆಯೇ ನೋಡಿ.

ಇನ್ನರನ್ನು ಹೊರಗೆಳೆದು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ. ಸಮ ನೆಲದ ಮೇಲೆ ಉದ್ದಕ್ಕೆ ಚಾಚಿ ಬೆರಳುಗಳ ನಡುವೆ ಉರುಳಿಸಿ. ನೇರ ತಂತಿ ಸುಮ್ಮನೆ ಉರುಳುತ್ತದೆ. ಎಲ್ಲಾದರೂ ಮಡಚಿದ್ದರೆ ಆ ಜಾಗ ನೆಗೆಯುತ್ತದೆ. ಮಡಚಿದ ತಂತಿಯನ್ನು ನೆಟ್ಟಗೆ ಮಾಡಿ ಹಾಕುವ ಉಳಿತಾಯ ಬೇಡ.

ತುಂಡಾಗಿದ್ದರೆ ಎಲ್ಲಿ ತುಂಡಾಗಿದೆ ಎಂಬುದೇ ಸಾಕ್ಷಿ. ಮೀಟರಿನ ಪಕ್ಕದಲ್ಲೇ ಆಗಿದ್ದರೆ ಒಂದೋ ಮೀಟರ್ ಬಿಗಿದಿದೆ, ಇಲ್ಲವೇ ಅಲ್ಲಿ ತಿರುವು ತೀರಾ ಚಿಕ್ಕದು. ತುಂಡಾದ ಚೌಕ ತುದಿಯನ್ನು ಮೀಟರಿಗೆ ಸಿಕ್ಕಿಸಿ ಬೆರಳಲ್ಲಿ ತಿರುಗಿಸಿ ನೋಡಿ: ಸರಾಗವಾಗಿ ತಿರುಗಬೇಕು, ಮುಳ್ಳು ನಡುಗಬೇಕು. ಮೀಟರ್ ಬಿಗಿಯಿದ್ದರೆ ಮೊದಲು ಅದರ ರಿಪೇರಿ, ಆಮೇಲೆ ಕೇಬಲ್ ಖರೀದಿ.

ಇನ್ನೊಂದು ಕಾರಣವನ್ನು ಅನುಭವಿ ಮೆಕ್ಯಾನಿಕ್‌ಗಳೂ ಮರೆಯುತ್ತಾರೆ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಎಂಜಿನ್‌ಗೂ ಬಾಡಿಗೂ ನಡುವಿನ ಅರ್ಥ್ ಪಟ್ಟಿ ತುಕ್ಕು ಹಿಡಿದರೆ ಅಥವಾ ಕಳಚಿದರೆ ಸ್ಟಾರ್ಟರಿನ ಭಾರೀ ಕರೆಂಟು ಬೇರೆ ದಾರಿ ಹುಡುಕುತ್ತದೆ. ಚೋಕ್ ಕೇಬಲ್, ಮೀಟರ್ ಕೇಬಲ್ ಅದಕ್ಕೆ ದಾರಿಯಾಗಿ ಕಾದು, ಒಳಗಿನ ಗ್ರೀಸ್ ಸುಡುತ್ತದೆ. ಸೆಲ್ಫ್ ಹೊಡೆದ ಬಳಿಕ ಕೇಬಲ್ ಮುಟ್ಟಿದರೆ ಬಿಸಿ ತಾಗುತ್ತದೆಯೇ? ಹಾಗಿದ್ದರೆ ಅರ್ಥ್ ಪಟ್ಟಿ ಸರಿಮಾಡದೆ ಬೇರೇನೂ ಮಾಡಬೇಡಿ.

ಕೆಳತುದಿಯಲ್ಲಿ ಗೇರ್ ಆಯಿಲ್ ಜಿನುಗಿದ್ದರೆ ಪಿನಿಯನ್ನಿನ ಆಯಿಲ್ ಸೀಲ್ ಬದಲಿಸಿ. ತಿರುಗುವ ತಂತಿ ಆಯಿಲನ್ನು ಮೇಲಕ್ಕೆ ಏರಿಸಿ ಮೀಟರಿಗೇ ತಲುಪಿಸುತ್ತದೆ.

ಜೋಡಿಸುವುದು

ಹೊಸ ಕೇಬಲ್ ಕೊಳ್ಳಲು ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದ್ದೇ ಇದೆ. ಹಳೇ ಕೇಬಲ್ ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಕಾರಿನ ಹೆಸರು ಹೇಳಿದರೆ ಸಾಲದು. ಉದ್ದ, ಎರಡೂ ತುದಿಯ ಚೌಕ, ನಟ್ಟಿನ ಮರೆ ಮೂರನ್ನೂ ಜೋಡಿಸಿ ನೋಡಿ. ಮೇಲ್ತುದಿಯಲ್ಲಿ ಔಟರಿನಿಂದ (ಹೊರಕವಚದಿಂದ) ಇನ್ನರ್ ಸುಮಾರು 9 ಮಿ.ಮೀ. ಹೊರಚಾಚಿರಬೇಕು. ಹೆಚ್ಚಾದರೆ ಮೀಟರನ್ನು ಒತ್ತುತ್ತದೆ, ಕಡಿಮೆಯಾದರೆ ಹಿಡಿತ ತಪ್ಪುತ್ತದೆ.

ಗ್ರೀಸ್ ವಿಚಾರದಲ್ಲಿ ಜಿಪುಣರಾಗಿ. ತೆಳುವಾಗಿ ಸವರಿ ತಂತಿಯನ್ನು ಪೂರ್ತಿ ತೂರಿಸಿ, ಮತ್ತೆ ಮೇಲ್ತುದಿಯಿಂದ 8 ಇಂಚು ಹೊರಗೆಳೆದು ಅಷ್ಟು ಭಾಗದ ಗ್ರೀಸ್ ಒರೆಸಿಬಿಡಿ. ಹಳೆಯ ಬ್ರಿಟಿಷ್ ಕಾರುಗಳ ಕೈಪಿಡಿಗಳಲ್ಲೂ ಇದೇ ಕ್ರಮ. ಮೀಟರಿನ ಹತ್ತಿರದ 2 ಇಂಚು ನೇರವಾಗಿರಲಿ, ಯಾವ ತಿರುವೂ 6 ಇಂಚಿನ ತ್ರಿಜ್ಯಕ್ಕಿಂತ ಬಿಗಿಯಾಗದಿರಲಿ. ಸೈಲೆನ್ಸರ್ ಪೈಪಿನಿಂದ ದೂರ ಒಯ್ಯಿರಿ. ಕ್ಲಿಪ್ ಹಾಕಿ, ಆದರೆ ಔಟರ್ ಚಪ್ಪಟೆಯಾಗುವಷ್ಟು ಬಿಗಿಯಬೇಡಿ. ಫೈರ್‌ವಾಲ್ ತೂತಿನ ರಬ್ಬರ್ ಮರೆಯಬೇಡಿ. ಅದಿಲ್ಲದಿದ್ದರೆ ತಗಡಿನ ಅಂಚು ಔಟರನ್ನು ಕೊರೆಯುತ್ತದೆ.

ನಟ್ಟುಗಳನ್ನು ಕೈಯಲ್ಲೇ ಬಿಗಿದು ಖಾಲಿ ಹೆದ್ದಾರಿಯಲ್ಲಿ ಒಂದು ಸುತ್ತು ಹೋಗಿ. ಮುಳ್ಳನ್ನು 60ರಲ್ಲಿ ಸ್ಥಿರವಾಗಿಟ್ಟರೆ ಒಂದು ಕಿಲೋಮೀಟರ್ ಕಲ್ಲಿನಿಂದ ಇನ್ನೊಂದಕ್ಕೆ 60 ಸೆಕೆಂಡ್ ಹಿಡಿಯಬೇಕು. ಗಡಿಯಾರ ನೋಡುವ ಕೆಲಸ ಪಕ್ಕದಲ್ಲಿ ಕೂತವರದು. ಮುಳ್ಳು ಅಲುಗದೆ ನಿಂತಿದ್ದರೂ ಸಮಯ ತೀರಾ ಏರುಪೇರಾದರೆ ಕೇಬಲ್ಲನ್ನು ದೂರಬೇಡಿ: ಟಯರ್ ಅಳತೆ ಬದಲಾಗಿರಬಹುದು, ಅಥವಾ ಗುಜರಿಯಿಂದ ತಂದು ಕೂರಿಸಿದ ಮೀಟರ್ ಬೇರೆ ಗೇರ್‌ಬಾಕ್ಸಿನ ಲೆಕ್ಕಕ್ಕೆ ಮಾಡಿದ್ದಿರಬಹುದು.