ಅರ್ಧ ಬಿಂದಿಗೆ ನೀರು

ಬಳ್ಳಾರಿಯ ನಮ್ಮ ಮನೆಯಲ್ಲಿ ಒಲೆಯ ಮೇಲೆ ಎಸರು ಕಾಯುವಷ್ಟರಲ್ಲಿ ನಮ್ಮ ತಾಯಿ ಅಳೆದ ಅಕ್ಕಿಯಿಂದ ಒಂದು ಹಿಡಿಯನ್ನು ತೆಗೆದು ಗೋಡೆಯ ಗೂಡಿನಲ್ಲಿದ್ದ ಡಬ್ಬಿಗೆ ಹಾಕುತ್ತಿದ್ದರು. ಆದಿತ್ಯವಾರ ಆ ಅಕ್ಕಿ ದೇವಾಲಯಕ್ಕೆ ಹೋಗುತ್ತಿತ್ತು. ಅಲ್ಲಿಂದ ಯಾರ ಮನೆಯ ಗಡಿಗೆಯನ್ನು ಸೇರುತ್ತಿತ್ತೆಂಬುದನ್ನು ಅವರು ಒಂದು ದಿನವೂ ವಿಚಾರಿಸಿದವರಲ್ಲ. ಇಂತಹ ಮನೆಯಲ್ಲಿ ಬೆಳೆದ ನಾನು, ದಯೆಯೆಂಬುದು ನಮಗೆ ಪಿತ್ರಾರ್ಜಿತವಾಗಿ ಬಂದ ಸೊತ್ತೆಂದೂ, ಅದಕ್ಕಾಗಿ ನಾನು ಪ್ರತ್ಯೇಕವಾಗಿ ದುಡಿಯಬೇಕಾದುದಿಲ್ಲವೆಂದೂ ನಂಬಿ ಬಹುಕಾಲ ಸುಖವಾಗಿದ್ದೆನು.

ಬ್ಯಾಂಕಿನ ಕೆಲಸದ ಮೇಲೆ ವಿಶಾಖಪಟ್ಟಣಕ್ಕೆ ವರ್ಗವಾದಾಗ ನೆಂಟರ ಊರಿಗೆ ಹೋಗುವ ಭಾವನೆಯೇ ನನಗೆ ಇದ್ದಿತು. ಬೈಬಲನ್ನು ಕನ್ನಡಕ್ಕೆ ತಂದ ಜಾನ್ ಹ್ಯಾಂಡ್ಸರನ್ನು 1810ರಲ್ಲಿ ಬಳ್ಳಾರಿಗೆ ಕಳುಹಿಸಿದ ಲಂಡನ್ ಮಿಷನ್ನೇ, ಅದಕ್ಕೆ ಐದು ವರ್ಷ ಮೊದಲು ಕ್ರ್ಯಾನ್ ಮತ್ತು ಡೆಸ್ ಗ್ರಾಂಜಸ್ ಎಂಬಿಬ್ಬರನ್ನು ಈ ಕಡಲತಡಿಗೆ ಕಳುಹಿಸಿತ್ತು. ತೆಲುಗು ಬಳ್ಳಾರಿಯವನಿಗೆ ಅಪರಿಚಿತವಲ್ಲ. ಆರಾಧನೆ ಮುಗಿದೊಡನೆ ಎದುರಾದವರೆಲ್ಲ ಕೈಮುಗಿದು 'ವಂದನಾಲು ಅಂಡಿ' ಎನ್ನುವುದನ್ನು ಒಂದೆರಡು ವಾರದಲ್ಲಿಯೇ ಕಲಿತುಕೊಂಡೆನು. ಅಷ್ಟರಿಂದಲೇ ಆ ಊರಿಗೆ ಸಲ್ಲಬೇಕಾದುದೆಲ್ಲ ಸಂದಿತೆಂದು ನನ್ನ ಎಣಿಕೆ.

2014ನೆಯ ಇಸವಿಯ ಅಕ್ಟೋಬರ್ 12, ಆದಿತ್ಯವಾರ, ಹುದ್‌ಹುದ್ ಚಂಡಮಾರುತವು ಊರಿನ ಮೇಲೆಯೇ ಹಾದುಹೋಯಿತು. ಮರುದಿನ ನೋಡಿದರೆ ಕೈಲಾಸಗಿರಿಯ ಹಸುರು ಸುಟ್ಟಂತೆ ಕಂದಿತ್ತು. ಬೀದಿಯಲ್ಲಿ ಮರಗಳು ಬುಡಮೇಲಾಗಿ ಬಿದ್ದಿದ್ದುವು. ವಿದ್ಯುತ್ತಿಲ್ಲದುದರಿಂದ ಪಂಪುಗಳು ನಿಂತು, ಸಮುದ್ರವನ್ನು ಬಾಗಿಲಲ್ಲಿಟ್ಟುಕೊಂಡ ಊರಿಗೆ ಕುಡಿಯುವ ನೀರೇ ದುರ್ಲಭವಾಯಿತು. ಮುನ್ನೆಚ್ಚರಿಕೆಯುಳ್ಳ ಗೃಹಸ್ಥನಾದ ನಾನು ಎರಡು ದೊಡ್ಡ ಡ್ರಮ್ಮುಗಳನ್ನು ಮೊದಲೇ ತುಂಬಿಸಿಟ್ಟಿದ್ದೆನು.

ಎರಡನೆಯ ದಿನ, ಜಾಲರಿಪೇಟೆಯಿಂದ ಬುಟ್ಟಿ ಹೊತ್ತು ಬಂದು ನಮ್ಮ ಬೀದಿಯಲ್ಲಿ ಮೀನು ಮಾರುತ್ತಿದ್ದ ಮುದುಕಿ ಖಾಲಿ ಬಿಂದಿಗೆಯೊಡನೆ ಬಾಗಿಲಲ್ಲಿ ನಿಂತಳು. 'ಮನೆಯಲ್ಲಿ ಮಗುವಿದೆ, ಅಮ್ಮಾ' ಎಂದು ಪೀಠಿಕೆ ಹಾಕಿ, ಅರ್ಧ ಬಿಂದಿಗೆಯನ್ನು ತುಂಬಿಸಿ ಕೊಟ್ಟೆನು. ಆ ಮಗುವಿಗೆ ಆಗ ಹದಿನಾಲ್ಕು ವರ್ಷ. ಮುದುಕಿಯಾದರೋ ಮಾತನ್ನು ಮಾತಾಗಿಯೇ ನಂಬಿದಳು. ಮಾರನೆಯ ದಿನ ಗಾಳಿಗೆ ಉದುರಿದ ನಾಲ್ಕು ಎಳನೀರುಗಳನ್ನು ಸೆರಗಿನಲ್ಲಿ ಕಟ್ಟಿ ತಂದು, 'ಮಗುವಿಗೆ, ಬಾಬೂ' ಎಂದು ಜಗಲಿಯ ಮೇಲಿಟ್ಟು ಹೋದಳು. ನಲ್ಲಿಯಲ್ಲಿ ಮತ್ತೆ ನೀರು ಬಂದ ದಿನ ನನ್ನ ಎರಡನೆಯ ಡ್ರಮ್ಮು ಕಂಠಮಟ್ಟ ತುಂಬಿಯೇ ಇತ್ತು. ಅದನ್ನು ಬಗ್ಗಿಸಿ ಅಂಗಳಕ್ಕೆ ಹೊಯ್ದೆನು. ಹೊಯ್ಯುವಾಗ ಹೆಂಡತಿ ಒಳಗಿರುವಳೆಂಬುದನ್ನು ಖಚಿತಪಡಿಸಿಕೊಂಡೆನೆಂಬುದನ್ನೂ ಇಲ್ಲಿ ಬರೆದುಬಿಡುವುದು ಲೇಸು.

ಅನಂತರ ವಿಜಯವಾಡಕ್ಕೆ ವರ್ಗವಾಯಿತು. ನಾವು ಹಿಡಿದ ಮನೆ ಗುಣದಲ ಬೆಟ್ಟಕ್ಕೆ ಸಮೀಪ. 1924ರಲ್ಲಿ ಅಲ್ಲಿ ಪ್ರತಿಷ್ಠಿತಳಾದ ಮರಿಯಮಾತೆಯ ಉತ್ಸವ ಫೆಬ್ರುವರಿ 9ರಿಂದ 11ರವರೆಗೆ. ಮುಡಿ ಕೊಡುವವರು, ಕಾಯಿ ಒಡೆಯುವವರು, ಜಾತಿಮತಗಳ ಎಣಿಕೆಯಿಲ್ಲದೆ ಬರುತ್ತಾರೆ. ಪ್ರೊಟೆಸ್ಟೆಂಟನಾದ ನನಗೆ ಇದು ಕೊಂಚ ಇರುಸುಮುರುಸು. ಆದರೆ ನಮ್ಮ ಮನೆಯೊಡತಿ, ಶುಕ್ರವಾರ ತಪ್ಪದೆ ಇಂದ್ರಕೀಲಾದ್ರಿಯ ಕನಕದುರ್ಗೆಯ ದರ್ಶನ ಮಾಡುವಾಕೆ, ಆ ಮೂರು ದಿನವೂ ಜಗಲಿಯನ್ನು ಯಾತ್ರಿಕರಿಗೆ ಬಿಟ್ಟುಕೊಟ್ಟು, ನಲ್ಲಿಗೆ ಉದ್ದನೆಯ ಪೈಪು ಸಿಕ್ಕಿಸಿ ಬೀದಿಗೆ ಚಾಚುತ್ತಿದ್ದಳು. ನಾನೊಮ್ಮೆ ಅದನ್ನು ಶ್ಲಾಘಿಸಲು ಹೋದೆನು. ಆಕೆ ಅರ್ಥವಾಗದವಳಂತೆ ನನ್ನನ್ನು ನೋಡಿ, 'ನೀಳ್ಳೇ ಕದಂಡಿ' ಎಂದಳು. ನೀರೇ ತಾನೆ!

ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿರುವ ಸಮಾರ್ಯದವನ ಸಾಮತಿಯನ್ನು ನಾನು ಬಾಲ್ಯದಿಂದ ಎಷ್ಟು ಸಲ ಕೇಳಿದ್ದೆನೋ, ಅಷ್ಟು ಸಲವೂ ಯೆರಿಕೋವಿನ ದಾರಿಯಲ್ಲಿ ಕತ್ತೆಯಿಂದಿಳಿದು ಗಾಯಕ್ಕೆ ಎಣ್ಣೆ ಹೊಯ್ಯುವವನ ಸ್ಥಾನದಲ್ಲಿಯೇ ನನ್ನನ್ನು ನಿಲ್ಲಿಸಿಕೊಂಡಿದ್ದೆನು. ಆ ರಾತ್ರಿ ಪುಸ್ತಕ ತೆರೆದಾಗ ಚತ್ರದವನು ಕಣ್ಣಿಗೆ ಬಿದ್ದನು. ಸಮಾರ್ಯದವನು ಮರುದಿನ ಎರಡು ನಾಣ್ಯ ಕೊಟ್ಟು ತನ್ನ ದಾರಿ ಹಿಡಿಯುತ್ತಾನೆ. ಆಮೇಲೆ ಕಟ್ಟು ಬದಲಿಸಿದವನು, ಗಂಜಿ ಕಾಯಿಸಿದವನು, ನರಳಾಟಕ್ಕೆ ನಿದ್ದೆಗೆಟ್ಟವನು ಯಾರು? ಹಣ ಪಡೆದವನಾದುದರಿಂದ ಉಪದೇಶಕರು ಅವನನ್ನು ಲೆಕ್ಕಕ್ಕೆ ತರುವುದಿಲ್ಲ. ಆದರೆ ನಿತ್ಯಜೀವನದ ದಯೆಯೆಲ್ಲ ಹೆಚ್ಚಾಗಿ ಅವನ ಜಾತಿಯದೆಂದೇ ನನಗೀಗ ತೋರುತ್ತದೆ.

2024ರ ಸೆಪ್ಟೆಂಬರ್ 1, ಅದೂ ಆದಿತ್ಯವಾರವೇ, ಬುಡಮೇರು ಹಳ್ಳ ಉಕ್ಕಿ ವಿಜಯವಾಡದ ಸಿಂಗ್‌ನಗರ ಮುಳುಗಿತು. ಡ್ರೋನುಗಳಲ್ಲಿ ಕೂಡ ಆಹಾರ ಕಳುಹಿಸಬೇಕಾದ ದಿನಗಳವು. ನಮ್ಮ ಸಭೆಯ ಯುವಕರು ದೋಣಿಯಲ್ಲಿ ಹೊರಟಾಗ ನಾನೂ ಪ್ಯಾಂಟು ಮಡಿಚಿ ಸಿದ್ಧನಾದೆನು. ನಮ್ಮ ಪಾದ್ರಿಗಳಾದ ಅಯ್ಯಗಾರು ನನ್ನ ನರೆಗೂದಲನ್ನು ನೋಡಿ, ಪುಳಿಹೋರದ ಕೊಪ್ಪರಿಗೆ ತಿಕ್ಕುವವರು ಸಾಲರೆಂದರು. ಕೊಡುವಾಗ ಪಡೆಯುವವರ ಮುಖ ನೋಡುವ ಆಸೆ ನನಗಿದ್ದಿತು, ಸುಳ್ಳೇಕೆ? ಆರು ದಿನ ಹಿತ್ತಿಲಲ್ಲಿ ಕುಳಿತು ತಳಹಿಡಿದ ಅರಿಸಿನದನ್ನವನ್ನು ಕೆರೆದೆನು. ಯಾರು ಉಂಡರೋ ತಿಳಿಯದು. ಹಿಡಿಯಕ್ಕಿಯ ಡಬ್ಬಿ ನೆನಪಿಗೆ ಬಂದುದು ಅಲ್ಲಿಯೇ.

ಮರುವರ್ಷ ರತ್ನಾಚಲ ಎಕ್ಸ್‌ಪ್ರೆಸ್ ಹಿಡಿದು ವಿಶಾಖಪಟ್ಟಣಕ್ಕೆ ಹೋದೆನು. ಮುದುಕಿಗೆ ಈಗ ನಡೆದು ಮಾರುವ ಶಕ್ತಿಯಿಲ್ಲ; ದಡದ ಬಳಿ ಗೋಣಿ ಹಾಸಿ ಕುಳಿತಿದ್ದಳು. ಗುರುತು ಹಿಡಿದವಳೇ ಪಕ್ಕದವಳಿಗೆ, 'ತುಫಾನಿನಲ್ಲಿ ನೀರು ಕೊಟ್ಟ ಬಾಬು ಇವರೇ' ಎಂದು ಪರಿಚಯಿಸಿದಳು. ನಾನು ತಲೆತಗ್ಗಿಸಿ ಎರಡನೆಯ ಡ್ರಮ್ಮಿನ ಸಂಗತಿಯನ್ನು ಹೇಳಿದೆನು. ಆಕೆ ನಕ್ಕಳು. ಸಂಸಾರಸ್ಥರು ನೀರಿಟ್ಟುಕೊಳ್ಳದೆ ಇರುತ್ತಾರೆಯೇ ಎಂದು ನನ್ನನ್ನೇ ಕೇಳಿ, ಮಗುವಿಗೆ ಮದುವೆಯಾಯಿತೇ ಎಂದು ವಿಚಾರಿಸಿ, ಅಲ್ಲಿಯವರು ಕವಳ್ಳು ಎನ್ನುವ ಸಣ್ಣ ಮೀನನ್ನು ನಾನು ಕೇಳಿದಷ್ಟು ತೂಗಿ, ಒಂದು ಕಾಸೂ ಬಿಡದೆ ಹಣ ಎಣಿಸಿಕೊಂಡ ಮೇಲೆ, ಕೊಸರೆಂದು ಮತ್ತೊಂದು ಹಿಡಿ ಹಾಕಿದಳು. ತೆಲುಗಿನಲ್ಲಿಯೂ ಅದಕ್ಕೆ ಕೊಸರೆಂದೇ ಹೆಸರು.